ಐವತ್ತಕ್ಕೆ ಐವತ್ತು

ಅಡ್ವೆಂಚರ್ ಬೈಕು ಕೊಂಡವನಿಗೆ ಮೊದಲು ತಗಲುವ ಕಾಯಿಲೆ ಟೈರಿನದು. ಕಂಪನಿ ಹಾಕಿಕೊಟ್ಟ ಟೈರಿನಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ. ಆದರೆ ಚೆನ್ನಾಗಿ ಓಡುವ ಗಾಡಿಯ ಫೋಟೊಗೆ ಯಾರು ಲೈಕು ಒತ್ತುತ್ತಾರೆ? ಹಿಮಾಲಯನ್‌ನ 21 ಇಂಚಿನ ಮುಂಚಕ್ರಕ್ಕೆ ದಪ್ಪ ಗಂಟುಗಳ ಬಟನ್ ಟೈರು ಏರಿತೆನ್ನಿ, ಮಾರತಹಳ್ಳಿಯ ಬೇಸ್‌ಮೆಂಟಿನಲ್ಲಿ ನಿಂತಿದ್ದರೂ ಗಾಡಿ ಈಗಷ್ಟೇ ಲಡಾಖ್‌ನಿಂದ ಇಳಿದಂತಿರುತ್ತದೆ.

ಅಂಗಡಿಯಲ್ಲಿ ಎಲ್ಲವೂ ಪರ್ಸೆಂಟಿನ ಲೆಕ್ಕ. ಇದು 80/20, ಅದು 50/50. ಮಿಶೆಲಿನ್ ಅನಾಕೀ ವೈಲ್ಡ್ ಅರ್ಧ ಟಾರಿಗೆ, ಅರ್ಧ ಮಣ್ಣಿಗೆ. ಹಾಗಂತ ಕಂಪನಿಯೇ ಹೇಳುತ್ತದೆ. ಮದುವೆ ದಲ್ಲಾಳಿ ಹೇಳುವ ಗಂಡಿನ ಗುಣವನ್ನು ಯಾರು ಅಳೆದಿರುತ್ತಾರೋ, ಇದನ್ನೂ ಅವರೇ ಅಳೆದಿದ್ದಾರೆ. ನಂಬಬೇಕಾದ ಮಾತು ಟೈರಿನ ಪಕ್ಕೆಯ ಮೇಲೇ ಅಚ್ಚಾಗಿದೆ. ಅಳತೆಯ ಪಕ್ಕದ ಅಕ್ಷರ ವೇಗದ ಮಿತಿ: ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಚ್ ಎಂದರೆ 210. ನಾಲ್ಕಂಕಿಯ ಸಂಖ್ಯೆ ಜಾತಕ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಜನನ. ಭಾರೀ ಡಿಸ್ಕೌಂಟು ಸಿಕ್ಕಿತೆಂದು ಹಿಗ್ಗುವ ಮುಂಚೆ ಬಗ್ಗಿ ಇದನ್ನು ಓದಬಹುದು. ಆದರೆ ರೈಡಿಂಗ್ ಜಾಕೆಟ್ ತೊಟ್ಟು ಬಗ್ಗುವುದು ಕಷ್ಟ.

ಗಂಟುಗಳ ನಡುವಿನ ಸಂದು ಇರುವುದು ಕೆಸರನ್ನು ಕಚ್ಚಿ ಆಚೆಗೆಸೆಯಲಿಕ್ಕೆ. ಟಾರಿನ ಮೇಲೆ ಅದಕ್ಕೇನು ಕೆಲಸ? ನೆಲ ಮುಟ್ಟುವ ರಬ್ಬರೇ ಕಡಿಮೆ, ತಿರುವಿನಲ್ಲಿ ಗಂಟು ಬಳುಕುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿದರೆ ನಿಲ್ಲಬೇಕೋ ಬೇಡವೋ ಎಂದು ಗಾಡಿ ಯೋಚಿಸುತ್ತದೆ. ಫ್ಲೈಓವರಿನ ಮೇಲೆ ಟೈರು ಗುಂಯ್‌ಗುಟ್ಟಿದರೆ ಸವಾರನಿಗೆ ಅದೇ ಪಾಂಚಜನ್ಯ.

ಇನ್ನು ಮಣ್ಣಿನ ಪಾಲಿನ ಐವತ್ತು. ಅದು ಸಕಲೇಶಪುರದ ಹೋಂಸ್ಟೇ ಗೇಟಿನಿಂದ ಕ್ಯಾಂಪ್‌ಫೈರಿನವರೆಗಿನ ದೂರ. ಮಳೆಗಾಲದಲ್ಲಿ ಜೀಪಿನವರೇ ಚಕ್ರಕ್ಕೆ ಚೈನು ಸುತ್ತುವ ಆ ಜಾರಿನಲ್ಲಿ ನಮ್ಮ ವೀರನ ಗಾಡಿ ಹೂತು ಕೂರುತ್ತದೆ. ಹಿಂದಿನಿಂದ ಹಳೇ ಸ್ಪ್ಲೆಂಡರಿನಲ್ಲಿ, ಕಾಲೂರಿಕೊಂಡು, ತೋಟದ ರೈಟ್ರು ಬರುತ್ತಾರೆ. ಅವರ ಟೈರಿಗೆ ಯಾವ ಪರ್ಸೆಂಟೂ ಇಲ್ಲ. "ಸ್ವಲ್ಪ ಗಾಳಿ ಬಿಡಿ ಸಾರ್, ಹಿಡ್ಕೊಳ್ಳುತ್ತೆ" ಎಂದು ಹೇಳಿ ಮುಂದೆ ಹೋಗುತ್ತಾರೆ.

ಅವರು ಹೇಳಿದ್ದು ಸರಿ. ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ನೆಲವನ್ನು ಅಪ್ಪುತ್ತದೆ. ಅತಿಯಾಗಿ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಚಿವುಟಿ ಪಂಕ್ಚರ್, ಅದು ಬೇರೆ ಮಾತು. ಟಾರು ಸಿಕ್ಕ ಮೇಲೆ ಮತ್ತೆ ತುಂಬಲು ಒಂದು ಪಂಪೂ ಬೇಕು. ಆ್ಯಕ್ಷನ್ ಕ್ಯಾಮೆರಾ, ಫಾಗ್ ಲೈಟು, ಪಕ್ಕದ ಪೆಟ್ಟಿಗೆಗಳೆಲ್ಲ ಬಂದಿವೆ, ಪಂಪು ಬಂದಿಲ್ಲ. ಗಾಳಿ ಬಿಡುವ ವಿದ್ಯೆಗೆ ಸ್ಟಿಕ್ಕರೂ ಇಲ್ಲವಲ್ಲ.

ಇತ್ತ ವೈಟ್‌ಫೀಲ್ಡಿನ ಕಾಂಕ್ರೀಟು ತನ್ನ ಪಾಲಿನ ಐವತ್ತನ್ನು ಬೇಗ ವಸೂಲು ಮಾಡುತ್ತದೆ. ಟೈರಿನ ನಡುವೆ ಬೋಳು, ಅಂಚಿನ ಗಂಟುಗಳ ಮೇಲೆ ಕಾರ್ಖಾನೆಯ ರಬ್ಬರ್ ಕೂದಲು ಇನ್ನೂ ಹಾಗೇ. ಗಾಡಿ ಮಾರುವ ಜಾಹೀರಾತಿನಲ್ಲಿ ಮಾಲೀಕ ಮೊದಲ ಬಾರಿಗೆ ನಿಜ ಬರೆಯುತ್ತಾನೆ: "ಸಿಂಗಲ್ ಓನರ್. ಆಫ್‌ರೋಡ್ ಒಮ್ಮೆಯೂ ಓಡಿಸಿಲ್ಲ."