ಕಡಲಿಲ್ಲದ ಸೀಮೆಯ ಪ್ರವಾಸ

ರಜೆ ಬಂದರೆ ಸಾಕು, ಬಯಲುಸೀಮೆಯವರು ಗೋಕರ್ಣ, ಮಲ್ಪೆ ಅಂತ ಕಡಲಿನ ಕಡೆಗೆ ಬಸ್ಸು ಹತ್ತುತ್ತಾರೆ. ಆದರೆ ಮಧುಗಿರಿಯವರ ಹಿತ್ತಲಲ್ಲೇ ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದು ನಿಂತಿದೆ, ಮೈಮೇಲೆ ಕೋಟೆಯನ್ನೂ ಹೊತ್ತು. ‘ಹತ್ತಿದ್ದೀರಾ?’ ಎಂದರೆ, ‘ಎಲ್ಲಿಗೆ ಓಡಿಹೋಗುತ್ತೆ ಬಿಡಿ ಸ್ವಾಮಿ’ ಎಂಬ ಉತ್ತರ. ಬೆಂಗಳೂರಿನ ಹುಡುಗರು ಮಾತ್ರ ಬೆಳಗ್ಗೆಯೇ ಬಂದು ಕಂಬಿ ಹಿಡಿದು ತೆವಳುತ್ತಾರೆ.

ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಈಗ ಹೆದ್ದಾರಿಯ ಪ್ರಯಾಣಿಕರಿಗೆ ಅದು ಕಾಫಿ ಕುಡಿಯುವ ಜಾಗ. ಹಿಂದೆ ಊರನ್ನಾಳಿದ ಮಲ್ಲಿಕ್ ರೆಹಾನ್ ಗೋರಿಯತ್ತ ತಿರುಗುವವರು ಕಡಿಮೆ. ಪಕ್ಕದ ಕಗ್ಗಲಡುವಿನ ಹುಣಸೆಮರಗಳಿಗೆ ಬಣ್ಣದ ಕೊಕ್ಕರೆಗಳು ಯಾವ ಬುಕಿಂಗೂ ಇಲ್ಲದೆ ಬಂದು, ಮರಿ ಮಾಡಿಕೊಂಡು ಹೋಗುತ್ತವೆ.

ಕೊರಟಗೆರೆಯಲ್ಲಿ ಗೊರವನಹಳ್ಳಿಯ ಲಕ್ಷ್ಮಿಯೂ ಉಂಟು, ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟವೂ ಉಂಟು. ಹಣ, ಆರೋಗ್ಯ ಎರಡೂ ಒಂದೇ ತಾಲ್ಲೂಕಲ್ಲಿ!

ಪಾವಗಡದ ಕತೆಯೇ ಬೇರೆ. ಮಳೆ ಕೈಕೊಟ್ಟ ನೆಲದಲ್ಲಿ, ತಿರುಮಣಿ ಸುತ್ತಮುತ್ತ, ಸುಮಾರು 13,000 ಎಕರೆಯಲ್ಲಿ ಸೌರ ಫಲಕಗಳ ನೀಲಿ ಕಡಲು. ಸಾಮರ್ಥ್ಯ 2,050 ಮೆಗಾವಾಟ್. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಬೈಸಿಕೊಳ್ಳುತ್ತಿದ್ದ ಸೂರ್ಯನೇ ಈಗ ವರ್ಷವರ್ಷ ಬಾಡಿಗೆ ಕೊಡಿಸುತ್ತಾನೆ. ಅವನ ಮಗ ಶನಿಮಹಾತ್ಮ ಪಾವಗಡ ಪೇಟೆಯಲ್ಲೇ ಕುಳಿತು ಭಕ್ತರಿಂದ ಎಳ್ಳೆಣ್ಣೆ ವಸೂಲಿ ಮಾಡುತ್ತಾನೆ.