ಮೊದಲು ಕೋಟೆ ಬಿತ್ತು, ಆಮೇಲೆ ಕಥೆ ಶುರು

ತರಾಸು ಅವರ ದುರ್ಗದ ಕಾದಂಬರಿಗಳನ್ನು ನಾನು ಓದಿದ್ದು ಹಿಂದುಮುಂದಾಗಿ. ಮೊದಲು ಕೈಗೆ ಸಿಕ್ಕಿದ್ದೇ ಕಡೆಯದು, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ‘ದುರ್ಗಾಸ್ತಮಾನ’. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು, ನಾನು ಅತ್ತೆ. ಆಮೇಲೆ ಹೊಳಲ್ಕೆರೆ ಬಸ್ಸಿನಲ್ಲಿ ‘ತಿರುಗುಬಾಣ’. ಬಾಣ ತಿರುಗಿತು ಸರಿ, ಬಿಟ್ಟವರ್ಯಾರು? ಅದಕ್ಕೆ ‘ರಕ್ತರಾತ್ರಿ’ ಬೇಕಂತೆ. ಅದೋ ಹಿರಿಯೂರಿನ ಭಾವನ ಅಟ್ಟದಲ್ಲಿ, ಕೊನೆಯ ಹದಿನಾರು ಪುಟ ಇಲಿಗೆ ಫಲಾಹಾರವಾಗಿ! ‘ಕಂಬನಿಯ ಕುಯಿಲು’ ಹೊಸದುರ್ಗದ ಚಿಕ್ಕಮ್ಮನ ಬಳಿ. ‘ಒಯ್ಯೋ ಹಾಗಿಲ್ಲ, ಇಲ್ಲೇ ಕೂತು ಓದು’ ಅಂದಳು. ಎರಡು ದಿನ ಮುದ್ದೆ ನುಂಗುತ್ತಾ ಮುಗಿಸಿದೆ.

ಮೊನ್ನೆ ಮಗಳು ಕೇಳಿದಳು, ‘ಯಾವುದರಿಂದ ಶುರು ಮಾಡ್ಲಿ?’ ಕುಯಿಲು, ರಾತ್ರಿ, ಬಾಣ ಅಂತ ಬೆರಳು ಮಡಚಿದೆ. ಅವಳಾಗಲೇ ‘ದುರ್ಗಾಸ್ತಮಾನ’ದ ಕೊನೇ ಪುಟ ತೆರೆದಿದ್ದಳು.