ತಡೆಗೋಡೆಯ ಬಂಡೆಕಲ್ಲಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬಂಡೆಕಲ್ಲು ಮಹಾಶಯರಿಗೆ,

ಸೋಮೇಶ್ವರದಿಂದ ಕಾರವಾರದವರೆಗೆ ತಮ್ಮನ್ನೇ ನೋಡುತ್ತ ಬಂದವನ ನಮಸ್ಕಾರಗಳು. ಕಡಲು ನೋಡಲೆಂದು ಹೊರಟವನು ನಾನು, ಕಂಡದ್ದು ಹೆಚ್ಚಾಗಿ ತಾವೇ.

ಘಟ್ಟದ ಬುಡದ ಕ್ವಾರಿಯಲ್ಲಿ ಹುಟ್ಟಿ, ಈಜು ಬಾರದಿದ್ದರೂ ಕಡಲ ಕೆಲಸಕ್ಕೆ ನೇಮಕಗೊಂಡವರು ತಾವು. ಕಡಲ್ಕೊರೆತ ಎಂದೊಡನೆ ಟಿಪ್ಪರ್ ಏರಿ ಬಂದುಬಿಡುತ್ತೀರಿ. ಎಷ್ಟೋ ಸಲ ಮನೆ ಬಿದ್ದ ಮೇಲೆ ಬರುತ್ತೀರಿ ಎಂಬುದು ಸಣ್ಣ ಮಾತು. ಮುಂದಿನ ಆಷಾಢಕ್ಕೆ ಅಲೆ ತಮ್ಮ ಬುಡದ ಮರಳನ್ನು ತೋಡುತ್ತದೆ, ತಾವು ಮೆಲ್ಲನೆ ಒಳಗಿಳಿಯುತ್ತೀರಿ. ಮೇಲೆ ಹೊಸ ತಂಡ, ಹೊಸ ಬಿಲ್ಲು. ಕರಾವಳಿಯಲ್ಲಿ ಇಷ್ಟು ಖಾಯಂ ಉದ್ಯೋಗ ಬೇರೆ ಯಾರಿಗಿದೆ? ಯಾಂತ್ರೀಕೃತ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ.

ತಮ್ಮ ವಂಶಚರಿತ್ರೆ ಉಳ್ಳಾಲದಲ್ಲಿ ತಿಳಿಯಿತು. ದೋಣಿಗಳ ದಾರಿ ಹೂಳದಿರಲೆಂದು 1990ರ ದಶಕದಲ್ಲಿ ನೇತ್ರಾವತಿ–ಗುರುಪುರ ನದಿಗಳ ಅಳಿವೆಬಾಗಿಲಿನ ಎರಡೂ ಮಗ್ಗುಲಿಗೆ ತಮ್ಮ ಹಿರಿಯರನ್ನು ತಂದು ಪೇರಿಸಿದರು. ದೋಣಿಗೆ ದಾರಿಯಾಯಿತು. ದಡದುದ್ದಕ್ಕೂ ಓಡಾಡಿಕೊಂಡಿದ್ದ ಮರಳಿಗೆ ಮಾತ್ರ ದಾರಿ ಕಟ್ಟಿತು. ಬಡಗಣ ಬೆಂಗ್ರೆ ಮೈತುಂಬಿಕೊಂಡಿತು, ತೆಂಕಣ ಉಳ್ಳಾಲ ಕರಗಿತು. ಕರಗಿದ್ದಕ್ಕೆ ಔಷಧ? ಮತ್ತೆ ತಾವೇ! ಅದೂ ಸಾಲದೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಿದರು. ಉಳ್ಳಾಲಕ್ಕೆ ಒಂದಿಷ್ಟು ಉಸಿರು ಬಂತು. ಕಡಲು ಈಗ ನಮ್ಮ ಕಡೆ ತಿರುಗಿದೆ ಅನ್ನುತ್ತಾರೆ ಸೋಮೇಶ್ವರ, ಬಟ್ಟಪ್ಪಾಡಿಯವರು. ಅಂದಹಾಗೆ, ಈ ಜಿಲ್ಲೆಯಲ್ಲಿ ಮೊಗವೀರರನ್ನೂ ಬ್ಯಾರಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಕೀರ್ತಿ ಕಡಲ್ಕೊರೆತ ಪರಿಹಾರದ ಅರ್ಜಿಗೆ ಸಲ್ಲಬೇಕು.

ಉಡುಪಿಯ ಪಡುಕರೆಗಳಲ್ಲಿ ತಮ್ಮ ಇನ್ನೊಂದು ಉಪಕಾರ ಕಂಡೆ. ಕೈರಂಪಣಿಯವರಿಗೆ ಮರಳದಡವೇ ಕಾರ್ಖಾನೆ. ದೋಣಿಯಲ್ಲಿ ಹೋಗಿ ಬಲೆಯನ್ನು ಬಿಲ್ಲಿನಂತೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು, ಸಾಲಾಗಿ ನಿಂತು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ದಡಕ್ಕೆಳೆಯಬೇಕು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ದೊಡ್ಡ ರಂಪಣಿಯನ್ನು ಮೂಲೆಗೆ ತಳ್ಳಿದವು. ಉಳಿದ ಕೈರಂಪಣಿಯ ಲೆಕ್ಕ ಚುಕ್ತಾ ಮಾಡಲು ತಾವು ಬಂದಿರಿ. ತಮ್ಮ ಮೇಲೆ ನಿಂತು ಹಿಂದಕ್ಕೆ ಹೆಜ್ಜೆಯಿಟ್ಟವನ ಸೊಂಟ ಉಳಿದೀತೆ? ನಾಡದೋಣಿ ಎಳೆದಿಡುವುದೆಲ್ಲಿ, ಬಲೆ ಹರವುವುದೆಲ್ಲಿ? ಮೀನುಗಾರನ ಮನೆ ಉಳಿಸಿದಿರಿ, ಒಪ್ಪಿದೆ. ಮೀನುಗಾರಿಕೆಯನ್ನು ಉಳಿಸಿ ಎಂದು ಟೆಂಡರಿನಲ್ಲಿ ಬರೆದಿರಲಿಲ್ಲವೇನೋ.

ಮರವಂತೆಯಲ್ಲಿ ತಮ್ಮ ಕಾಂಕ್ರೀಟ್ ದಾಯಾದಿಗಳಾದ ಟೆಟ್ರಾಪಾಡ್‌ಗಳನ್ನು ಕಂಡೆ. ಸೆಲ್ಫಿಗೆ ಚೆನ್ನಾಗಿ ಬರುತ್ತಾರೆ.

ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಹೆಂಗಸರು ಮರಳ ಮೇಲೆ ಮೀನು ಒಣಗಿಸುತ್ತಾರೆ. ಅದೇ ದಡಕ್ಕೆ ಕಡಲಾಮೆ ಬಂದು ಮೊಟ್ಟೆಯಿಡುತ್ತದೆ. ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದರೂ ಇದೆ, ಒಣಮೀನಿಗೆ ಅದೂ ಇಲ್ಲ. ಅಲ್ಲಿ ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಜಗಳ. ಕಾರವಾರದವರು ಸೀಬರ್ಡ್ ನೌಕಾನೆಲೆಗೆ ಊರೂರುಗಳನ್ನೇ ಬಿಟ್ಟುಕೊಟ್ಟವರು. ಪೇಟೆಯ ಪಕ್ಕ ಉಳಿದ ದಡದಲ್ಲಿ ಬಂದರು ವಿಸ್ತರಣೆಯ ಅಲೆತಡೆಗೋಡೆ ಶುರುವಾದಾಗ, 2020ರ ಜನವರಿಯಲ್ಲಿ ಬೀದಿಗಿಳಿದರು. ತೆಂಕಣದಲ್ಲಿ ತಮ್ಮನ್ನು ತನ್ನಿ ಎಂದು ಕೂಗು, ಬಡಗಣದಲ್ಲಿ ತರಬೇಡಿ ಎಂದು ಕೂಗು. ಇಷ್ಟು ಬೇಡಿಕೆ ಯಾವ ಶಾಸಕರಿಗೂ ಇಲ್ಲ.

ಕೊನೆಗೆ ಎರಡು ಅರಿಕೆ. ಎಲ್ಲೇ ಇಳಿಯುವುದಿದ್ದರೂ ಪಕ್ಕದ ಊರಿಗೆ ಮೊದಲೇ ಒಂದು ಕಾಗದ ಹಾಕಿಸಿ: ಮುಂದಿನ ಮಳೆಗಾಲ ನಿಮ್ಮ ಸರದಿ, ಪಾತ್ರೆ ಪಗಡೆ ಕಟ್ಟಿಟ್ಟುಕೊಳ್ಳಿ ಎಂದು. ಮತ್ತೆ, ಇಷ್ಟು ವರ್ಷಗಳಲ್ಲಿ ತಮ್ಮವರು ಎಷ್ಟು ಲೋಡು ನೀರಿನಡಿ ಸೇರಿದ್ದಾರೆ ಎಂಬುದನ್ನು ದಯವಿಟ್ಟು ತಿಳಿಸಿ. ಬಿಲ್ಲಿನಲ್ಲಿರುವ ಲೆಕ್ಕ ಬೇಡ, ಅದು ಕಚೇರಿಯಲ್ಲೇ ಸಿಗುತ್ತದೆ.

ಇಂತಿ,
ತಮ್ಮ ಮೇಲೆ ಹತ್ತಿ ಮೊಣಕಾಲು ತರಚಿಕೊಂಡ ಒಬ್ಬ ದಾರಿಹೋಕ